ತಟ್ಟೆ ಅಂಚಿಗೆ ಸರಿಸಿಟ್ಟಿದ್ದು

ಹೋದ ಸಂಚಿಕೆಯಲ್ಲಿ ಒಬ್ಬರು ತಿಳಿಸಾರು ತಿಳಿಯಾಗಿ ಬರಲು ಏನು ಮಾಡಬೇಕು ಅಂತ ಕೇಳಿದ್ದರು. ಉತ್ತರದ ಕೊನೆಗೆ ಸುಮ್ನೆ ಒಂದು ಮಾತು ಸೇರಿಸಿದ್ದೆ. ನಾನಂತೂ ಸಾರನ್ನು ಜರಡಿಯಲ್ಲಿ ಸೋಸಿಯೇ ಬಡಿಸಿಕೊಳ್ಳುವುದು, ಸುರುಳಿ ಸುತ್ತಿಕೊಂಡ ಟೊಮೆಟೊ ಸಿಪ್ಪೆ ನಾಲಿಗೆಗೆ ತಗುಲಿದರೆ ನನ್ನ ಊಟ ಅಲ್ಲಿಗೇ ಮುಗಿಯಿತು ಅಂತ. ಸಾರಿನ ಬಗ್ಗೆ ಒಬ್ಬರೂ ಬರೆಯಲಿಲ್ಲ. ಸಿಪ್ಪೆಯ ಬಗ್ಗೆ ಬಂದ ಪತ್ರಗಳು ಮೇಜಿನ ಮೇಲೆ ರಾಶಿ ಬಿದ್ದಿವೆ. "ನನಗೂ ಹೀಗೇ ಮೇಡಂ, ಯಾರಿಗೂ ಹೇಳಿಕೊಂಡಿಲ್ಲ" ಅಂತ ಶುರುವಾಗುವ ಪತ್ರಗಳೇ ಜಾಸ್ತಿ. ಬರೆದವರು ಮಕ್ಕಳಲ್ಲ. ಬ್ಯಾಂಕಿನವರಿದ್ದಾರೆ, ಮೇಷ್ಟ್ರಿದ್ದಾರೆ, ಇಬ್ಬರು ಅಜ್ಜಿಯರೂ ಇದ್ದಾರೆ.

ಅದಕ್ಕೇ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲಾ ಪಕ್ಕಕ್ಕಿಟ್ಟಿದ್ದೇನೆ. ಹೊಸದಾಗಿ ಓದುವವರಿಗೆ ನನ್ನ ಪರಿಚಯ ಇಷ್ಟೇ: 26 ವರ್ಷ ಬೆಂಗಳೂರಿನ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಡಯಟೀಷಿಯನ್ ಆಗಿದ್ದೆ. ಹೋಗುವ ತಟ್ಟೆಗಿಂತ ವಾಪಸ್ ಬರುವ ತಟ್ಟೆಯನ್ನೇ ಜಾಸ್ತಿ ನೋಡಿದವಳು.

*

ಪ್ರಶ್ನೆ: ನನಗೆ 29 ವರ್ಷ. ಬಿಳಿ ಅನ್ನ, ಗಟ್ಟಿ ಮೊಸರು, ಸಾದಾ ದೋಸೆ, ಚಪಾತಿ, ಹುರಿದ ಆಲೂಗಡ್ಡೆ, ಚಕ್ಕುಲಿ, ಸೇಬು. ನಾನು ತಿನ್ನುವುದು ಹೆಚ್ಚು ಕಡಿಮೆ ಇಷ್ಟೇ. ಬದನೆಕಾಯಿ, ಬೆಂಡೆಕಾಯಿ, ಸೊಪ್ಪು, ಬಿಸಿಬೇಳೆಬಾತ್ ಬಾಯಿಗೆ ಹೋದರೆ ವಾಕರಿಕೆ ಬಂದು ಕಣ್ಣಲ್ಲಿ ನೀರು ತುಂಬುತ್ತದೆ. ಚಿಕ್ಕಂದಿನಲ್ಲಿ "ದೊಡ್ಡವನಾದರೆ ಸರಿಹೋಗ್ತಾನೆ" ಅಂದರು. ದೊಡ್ಡವನಾದೆ, ಸರಿಹೋಗಲಿಲ್ಲ. ಆಫೀಸಿನಲ್ಲಿ ಒಬ್ಬನೇ ಊಟಕ್ಕೆ ಕೂರುತ್ತೇನೆ. ಈಗ ಮದುವೆ ಗೊತ್ತಾಗಿದೆ. ಹುಡುಗಿಯ ಮನೆ ಗಿರಿನಗರದಲ್ಲಿ. ಮೊದಲ ಸಲ ಊಟಕ್ಕೆ ಕರೆದಾಗ ಹೊಟ್ಟೆ ಸರಿಯಿಲ್ಲ ಅಂತ ಬರೀ ಮೊಸರನ್ನ ತಿಂದು ಬಂದೆ. ಎರಡನೇ ಸಲ ಉಪವಾಸ ಅಂದೆ. ಈಗ ಸಂಕ್ರಾಂತಿಗೆ ಕರೆದಿದ್ದಾರೆ. ಈ ಸಲ ಏನು ಹೇಳಲಿ?
(ಹೆಸರು ಬೇಡ, ವಿಜಯನಗರ)

ಉತ್ತರ: ಹೊಟ್ಟೆನೋವು ಆಯ್ತು, ಉಪವಾಸ ಆಯ್ತು. ಇನ್ನು ಉಳಿದಿರುವುದು ಮೌನವ್ರತ. ಸುಳ್ಳಿನ ಗಂಟು ಇಷ್ಟು ಬೇಗ ಖಾಲಿಯಾಗಿದ್ದು ಒಳ್ಳೆಯದೇ ಆಯ್ತು ಬಿಡಿ.

ನೀವು ಕೊಟ್ಟ ಪಟ್ಟಿಯನ್ನು ನಾನು ಎರಡು ಸಲ ಓದಿದೆ. ಅದರಲ್ಲಿ ಒಂದು ಲೆಕ್ಕಾಚಾರ ಇದೆ. ಚಕ್ಕುಲಿ ಮೊದಲ ಕಡಿತದಿಂದ ಕೊನೆಯವರೆಗೂ ಗರಿಗರಿ. ಬಿಳಿ ಅನ್ನ ಇಡೀ ತಟ್ಟೆ ಒಂದೇ ಥರ. ಇವತ್ತಿನ ಸಾದಾ ದೋಸೆ ನಿನ್ನೆಯ ದೋಸೆಯ ಹಾಗೇ ಇರುತ್ತದೆ. ಎಲ್ಲೂ ಬಾಯಿಗೆ ಆಶ್ಚರ್ಯ ಕಾದಿಲ್ಲ. ಈಗ ಬಿಸಿಬೇಳೆಬಾತ್ ನೋಡಿ. ಒಂದು ತುತ್ತಿನಲ್ಲಿ ಮೆತ್ತಗಾದ ಅನ್ನ, ಬೀನ್ಸಿನ ನಾರು, ಕರಗುವ ಕ್ಯಾರೆಟ್, ಹಲ್ಲಿಗೆ ಸಿಗುವ ಕಡಲೆಬೀಜ, ಅಂಗುಳಿಗೆ ಅಂಟುವ ಕರಿಬೇವಿನ ಎಲೆ. ಬಹಳ ಜನಕ್ಕೆ ಅದೇ ಸುಖ. ನಿಮ್ಮ ಬಾಯಿಗೆ ಅದು ಐದು ಜನ ಒಟ್ಟಿಗೆ ಬಾಗಿಲು ಬಡಿದ ಹಾಗೆ.

ರುಚಿ ಅಂದರೆ ನಾಲಿಗೆ ಮಾತ್ರ ಅಲ್ಲ. ಅಗಿಯುವಾಗ ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆ, ಹಲ್ಲಿನ ಸದ್ದು, ಬಿಸಿ, ಲೋಳೆ, ನಾರು ಎಲ್ಲವೂ ಸೇರಿ ರುಚಿ. ಇದರಲ್ಲಿ ಯಾವುದು ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ವಾಕರಿಕೆಯೋ, ಕಣ್ಣಿಗೆ ಧೂಳು ಬಂದಾಗ ರೆಪ್ಪೆ ಮುಚ್ಚುವ ಹಾಗೆ ತಾನಾಗಿ ಆಗುವ ಕೆಲಸ. ಅದಕ್ಕೆ ಹಟ ಅಂತ ಹೆಸರಿಟ್ಟವರು ಯಾರೋ, ಅವರಿಗೆ ಬಾಯಿಗಿಂತ ಬೆತ್ತ ಚೆನ್ನಾಗಿ ಗೊತ್ತಿತ್ತು.

ನಾನು ಇದನ್ನು ಪುಸ್ತಕದಿಂದ ಕಲಿತದ್ದಲ್ಲ. ವಾರ್ಡಿನಲ್ಲಿ ಒಬ್ಬರು ಹಿರಿಯರಿದ್ದರು, ಕಟ್ಟಡದ ಮೇಸ್ತ್ರಿ. ಮೂರು ದಿನ ಪೊಂಗಲ್ ಕಳಿಸಿದೆ. ಮೂರು ದಿನವೂ ತಟ್ಟೆ ಹೋದ ಹಾಗೇ ಬಂತು, ಚಮಚದ ಗುರುತು ಕೂಡ ಇಲ್ಲ. ನರ್ಸ್ "ಪೇಷಂಟ್ ರೆಫ್ಯೂಸ್ಡ್" ಅಂತ ಬರೆದಿದ್ದರು. ನಾಲ್ಕನೇ ದಿನ ಅದೇ ಅಕ್ಕಿ, ಅದೇ ಹೆಸರುಬೇಳೆ, ಅದೇ ತುಪ್ಪ ತೆಗೆದುಕೊಂಡೆ. ಅನ್ನ ಒಂದು ಬಟ್ಟಲಲ್ಲಿ, ತೊವ್ವೆ ಒಂದು ಬಟ್ಟಲಲ್ಲಿ, ತುಪ್ಪ ಪಕ್ಕಕ್ಕೆ. ಎರಡು ಬಟ್ಟಲೂ ತೊಳೆದಿಟ್ಟ ಹಾಗೆ ಖಾಲಿ ಬಂದವು. ಹೋಗಿ ಕೇಳಿದೆ. "ಕಲಸಿದ್ರೆ ಗಾರೆ ಥರ ಆಗ್ತದಮ್ಮಾ" ಅಂದರು. ನಲವತ್ತು ವರ್ಷ ಗಾರೆ ಕಲಸಿದ ಮನುಷ್ಯ. ನಾನು ಏನು ವಾದ ಮಾಡಲಿ?

ಇನ್ನೊಂದು ಮಾತು. ಈ ಸಂಚಿಕೆ ನಿಮ್ಮ ಕೈಗೆ ಬರುವ ಹೊತ್ತಿಗೆ ಗಾಂಧಿ ಬಜಾರಿನಲ್ಲಿ ಅವರೆಕಾಯಿ ರಾಶಿ ಬಿದ್ದಿರುತ್ತದೆ. ಮನೆಮಂದಿಯೆಲ್ಲಾ ಪೇಪರ್ ಹರಡಿಕೊಂಡು ಕಾಳು ಬಿಡಿಸಿ, ನೆನೆಹಾಕಿ, ಆಮೇಲೆ ಒಂದೊಂದೇ ಕಾಳನ್ನು ಎರಡು ಬೆರಳಲ್ಲಿ ಹಿತಕುತ್ತಾರೆ. ಪುಳಕ್ ಅಂತ ಬೇಳೆ ಆಚೆ ಬೀಳುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಎರಡು ಗಂಟೆ ಕೂತರೆ ಒಂದು ಪಾತ್ರೆ. ಯಾಕೆ ಇಷ್ಟು ಕಷ್ಟ? ಆ ಸಿಪ್ಪೆ ಬಾಯಿಗೆ ಒರಟು ಅಂತ, ಅಷ್ಟೇ ತಾನೇ? ಬೆಂಡೆಕಾಯಿಗೆ ಹುಣಸೆಹುಳಿ ಬಿಡುವುದು ಲೋಳೆ ಹೋಗಲಿ ಅಂತ. ಗೋರಿಕಾಯಿಯ ಅಂಚು ಮುರಿದು ಎಳೆಯುವುದು ನಾರು ಬರಲಿ ಅಂತ. ಹಾಗಲಕಾಯಿಗೆ ಉಪ್ಪು ಹಾಕಿ ಹಿಂಡುವುದು ಕಹಿ ಇಳಿಯಲಿ ಅಂತ. ನಮ್ಮ ಅಜ್ಜಿಯರ ಅರ್ಧ ಅಡುಗೆ ಇಂಥದೇ ಕೆಲಸ. ಇಡೀ ಊರು ಸೇರಿ ಸಿಪ್ಪೆ ತೆಗೆದರೆ ಸಂಪ್ರದಾಯ, ನೀವು ಒಬ್ಬರೇ ತೆಗೆದರೆ ನಖರಾ!

ಈಗ ಕೆಲಸಕ್ಕೆ ಬರೋಣ. ಸಂಕ್ರಾಂತಿಗೆ ಮುಂಚೆ ಹುಡುಗಿಗೆ ಹೇಳಿ. ಅವರ ಅಮ್ಮನಿಗಲ್ಲ, ಮೊದಲು ಅವರಿಗೆ. ಫೋನಿನಲ್ಲಿ ಬೇಡ. ಗಿರಿನಗರದಿಂದ ಶಂಕರಪುರ ಎಷ್ಟು ದೂರ? ಅಲ್ಲಿನ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಕರೆದುಕೊಂಡು ಹೋಗಿ. 1965ರಿಂದ ನಡೆಯುತ್ತಿರುವ ಹೋಟೆಲು, ಅಲ್ಲಿ ಇಡ್ಲಿ ವಡೆಗೆ ಚಟ್ನಿ ಮಾತ್ರ. ಸಾಂಬಾರ್ ಇಲ್ಲವೇ ಇಲ್ಲ. ಸಾಂಬಾರ್ ಕೊಡದ ಹೋಟೆಲ್ ಮುಂದೆ ಬೆಂಗಳೂರು ತಟ್ಟೆ ಹಿಡಿದು ನಿಲ್ಲುತ್ತದೆ, ಸಾಂಬಾರ್ ಬೇಡ ಅನ್ನುವ ಮನುಷ್ಯನನ್ನು ಮಾತ್ರ ವಿಚಾರಣೆ ಮಾಡುತ್ತದೆ. ಅಲ್ಲಿ ಕಲ್ಲಿನ ಕಟ್ಟೆ ಮೇಲೆ ಕೂತು ಹೇಳಿ: "ಮೆತ್ತಗಿರೋದು, ಲೋಳೆ ಇರೋದು, ಕಲಸಿರೋದು ಬಾಯಿಗೆ ಹೋದ್ರೆ ನಂಗೆ ವಾಕರಿಕೆ ಬರುತ್ತೆ. ಚಿಕ್ಕೋನಿಂದ ಹೀಗೆ. ನಿಮ್ಮನೆ ಅಡುಗೆ ಮೇಲೆ ಏನೂ ಇಲ್ಲ. ಎರಡು ಸಲ ಸುಳ್ಳು ಹೇಳಿದ್ದಕ್ಕೆ ಬೇಜಾರಾಗಿದೆ." ಇಷ್ಟೇ. ಉಪನ್ಯಾಸ ಬೇಡ. "ನನಗೆ ತರಕಾರಿ ಆಗಲ್ಲ" ಅಂತಲೂ ಹೇಳಬೇಡಿ. ಹಾಗಂದರೆ ಕೇಳಿದವರು ಒಂದೊಂದೇ ತರಕಾರಿ ಹೆಸರು ಹೇಳಿ "ಇದೂ ಆಗಲ್ವಾ?" ಅಂತ ಪರೀಕ್ಷೆ ಶುರುಮಾಡುತ್ತಾರೆ.

ಹಬ್ಬದ ಎಲೆ ಮುಂದೆ ಕೂತಾಗ ಒಂದು ನಿಯಮ: ಬೇಡದ್ದನ್ನು ಹಾಕಿಸಿಕೊಳ್ಳಬೇಡಿ. ಬಡಿಸುವವರು ಬಗ್ಗುವ ಮೊದಲೇ ಎಲೆಯ ಮೇಲೆ ಕೈ ಅಡ್ಡ ಇಟ್ಟು ನಗಿ. ಎಲೆಯಲ್ಲಿ ಬಿಟ್ಟು ಎದ್ದರೆ ಬೇಜಾರಾಗುವಷ್ಟು, ಹಾಕಿಸಿಕೊಳ್ಳದಿದ್ದರೆ ನಮ್ಮ ಜನಕ್ಕೆ ಬೇಜಾರಾಗುವುದಿಲ್ಲ. ತಿನ್ನುವುದನ್ನು ಎರಡನೇ ಸಲ ಕೇಳಿ ಹಾಕಿಸಿಕೊಳ್ಳಿ, ಅಡುಗೆ ಮಾಡಿದವರ ಮುಖ ಅರಳುತ್ತದೆ. ಸಿಹಿ ಪೊಂಗಲ್ ನಿಮಗಾಗದ್ದು, ಬಿಡಿ. ಎಳ್ಳು ಬೆಲ್ಲ ಆಗಬಹುದು. ಕೊಬ್ಬರಿ, ಕಡಲೆಬೀಜ, ಹುರಿಗಡಲೆ, ಬೆಲ್ಲದ ಅಚ್ಚು ಎಲ್ಲಾ ಒಣಗಿದ್ದೇ. ಬೇಕಾದ್ದನ್ನು ಆರಿಸಿಕೊಂಡು ತಿಂದರೆ ಯಾರೂ ಏನೂ ಅನ್ನುವುದಿಲ್ಲ, ಎಲ್ಲರೂ ಮಾಡುವುದೇ ಅದು.

ಪಟ್ಟಿ ಉದ್ದ ಮಾಡಿಕೊಳ್ಳಬೇಕು ಅಂತ ನಿಮಗೇ ಅನ್ನಿಸಿದರೆ ಒಂದು ದಾರಿ ಇದೆ. ಈಗ ತಿನ್ನುವುದರ ಪಕ್ಕದ ಮನೆಗೆ ಹೋಗಿ, ಊರಾಚೆ ಹೋಗಬೇಡಿ. ಹುರಿದ ಆಲೂಗಡ್ಡೆ ಆಗುತ್ತದೆ ಅಂದರೆ ಅಷ್ಟೇ ತೆಳ್ಳಗೆ ಹೆಚ್ಚಿ ಅಷ್ಟೇ ಗರಿಯಾಗಿ ಹುರಿದ ಬಾಳೆಕಾಯಿ. ಅದು ಒಗ್ಗಿದರೆ ಸುವರ್ಣಗೆಡ್ಡೆ. ಆಮೇಲೆ ಎಂದಾದರೂ ಗರಿಗರಿ ಬೆಂಡೆಕಾಯಿ. ಬದನೆಕಾಯಿ ಎಣ್ಣೆಗಾಯಿ ಈ ಜನ್ಮಕ್ಕೆ ಬೇಡ, ಪರವಾಗಿಲ್ಲ. ಇದನ್ನು ನೆಂಟರ ಮನೆಯಲ್ಲಿ ಮಾಡಬಾರದು. ನಿಮ್ಮ ಮನೆಯಲ್ಲಿ, ಯಾರೂ ನೋಡದಿರುವಾಗ, ಉಗುಳಲು ಪಕ್ಕದಲ್ಲಿ ಒಂದು ಕಾಗದ ಇಟ್ಟುಕೊಂಡು. ಉಗುಳಬಹುದು ಅಂತ ಗೊತ್ತಿದ್ದರೆ ಬಾಯಿ ಅರ್ಧ ಧೈರ್ಯ ಮಾಡುತ್ತದೆ. ಬಿಸಿಯಾಗಿದ್ದಾಗ ವಾಸನೆ ಜಾಸ್ತಿ ಏಳುತ್ತದೆ, ಆರಿಸಿಕೊಂಡು ನೋಡಿ. ಚಿಕ್ಕ ಮಕ್ಕಳಿಗೇ ಹೊಸ ತರಕಾರಿ ಒಗ್ಗಲು ಎಂಟು ಹತ್ತು ಸಲ, ಕೆಲವೊಮ್ಮೆ 15 ಸಲ ಬೇಕಾಗುತ್ತದೆ. 29 ವರ್ಷದ ನಾಲಿಗೆ ಒಂದು ವಾರದಲ್ಲಿ ಒಪ್ಪಲಿ ಅಂತ ಕಾಯಬೇಡಿ.

ಡಯಟೀಷಿಯನ್ ಆಗಿ ಒಂದು ಮಾತು. ಮೊಸರು ತಿನ್ನುತ್ತೀರಿ, ಬಿ12 ಸ್ವಲ್ಪವಾದರೂ ಸಿಗುತ್ತದೆ. ನನಗೆ ಯೋಚನೆ ಇರುವುದು ವಿಟಮಿನ್ ಸಿ ಬಗ್ಗೆ. ನಿಮ್ಮ ಪಟ್ಟಿಯಲ್ಲಿ ಸೇಬು ಒಂದೇ ಹಣ್ಣು, ಅದರಲ್ಲಿ ಅದು ಕಡಿಮೆ. ತಿಂಗಳುಗಟ್ಟಲೆ ಸಿ ಸಿಗದಿದ್ದರೆ ವಸಡಿನಲ್ಲಿ ರಕ್ತ ಬರುತ್ತದೆ, ಹಳೇ ಕಾಲದ ಹಡಗಿನವರಿಗೆ ಬರುತ್ತಿದ್ದ ಸ್ಕರ್ವಿ ಅದೇ. ನಿಂಬೆಹಣ್ಣಿನ ಪಾನಕವನ್ನು ಬಟ್ಟೆಯಲ್ಲಿ ಸೋಸಿ, ಒಂದು ಎಳೆಯೂ ಇಲ್ಲದ ಹಾಗೆ, ಊಟದ ಜೊತೆ ಕುಡಿಯಿರಿ. ಅನ್ನ ಚಪಾತಿಯ ಕಬ್ಬಿಣದಂಶ ಹೀರಿಕೊಳ್ಳಲೂ ಅದು ಸಹಾಯ ಮಾಡುತ್ತದೆ. ಕಾಫಿಯನ್ನು ಊಟದ ಹಿಂದೆಯೇ ಕುಡಿಯಬೇಡಿ, ಅದು ಉಲ್ಟಾ ಕೆಲಸ ಮಾಡುತ್ತದೆ. ವರ್ಷಕ್ಕೊಂದು ಸಲ ರಕ್ತ ಪರೀಕ್ಷೆ ಮಾಡಿಸಿ.

*

ಪ್ರಶ್ನೆ: ಸೊಸೆ ಬಂದು ಎಂಟು ತಿಂಗಳಾಯಿತು. ಒಳ್ಳೆ ಹುಡುಗಿ. ಆದರೆ ಹುಳಿ ಬಡಿಸಿದರೆ ರಸ ಪೂರ್ತಿ ಉಣ್ಣುತ್ತಾಳೆ, ಹೋಳುಗಳನ್ನೆಲ್ಲಾ ತಟ್ಟೆ ಅಂಚಿಗೆ ಸಾಲಾಗಿ ಸರಿಸಿಡುತ್ತಾಳೆ. ಕರಿಬೇವು, ಸಾಸಿವೆ ಕೂಡ. ಒಂದು ದಿನ ಬದನೆಕಾಯಿ ರುಬ್ಬಿ ಗೊತ್ತಾಗದ ಹಾಗೆ ಸೇರಿಸಿದೆ. ಕಂಡುಹಿಡಿದುಬಿಟ್ಟಳು, ಎರಡು ದಿನ ನನ್ನ ಅಡುಗೆ ಮುಟ್ಟಲಿಲ್ಲ. ನನ್ನ ಕೈ ರುಚಿಗೆ ನೆಂಟರೆಲ್ಲಾ ಹೊಗಳುತ್ತಾರೆ. ಇವಳದು ಅಹಂಕಾರವೋ, ಏನು?
(64 ವರ್ಷ, ಬಸವೇಶ್ವರನಗರ)

ಉತ್ತರ: ಅಕ್ಕಾ, ನಿಮ್ಮ ಪತ್ರದಲ್ಲೇ ಉತ್ತರ ಇದೆ. ರಸ ಪೂರ್ತಿ ಉಣ್ಣುತ್ತಾಳೆ ಅಂತ ನೀವೇ ಬರೆದಿದ್ದೀರಿ. ನಿಮ್ಮ ಕೈ ರುಚಿ ಇರುವುದು ಎಲ್ಲಿ? ನೀವು ಹುರಿದು ರುಬ್ಬಿದ ಮಸಾಲೆಯಲ್ಲಿ, ಹುಣಸೆಹಣ್ಣು ಬೆಲ್ಲದ ಹದದಲ್ಲಿ. ಅದೆಲ್ಲಾ ರಸದಲ್ಲಿದೆ, ಅದನ್ನು ಅವಳು ಬಿಡುತ್ತಿಲ್ಲ. ಅಂಚಿಗೆ ಹೋಗಿದ್ದು ತರಕಾರಿ. ಅದು ಮಾರುಕಟ್ಟೆಯವನದು, ನಿಮ್ಮದಲ್ಲ.

ರುಬ್ಬಿ ಹಾಕಿದಿರಲ್ಲ, ಅದೊಂದು ಮಾತ್ರ ಮತ್ತೆ ಮಾಡಬೇಡಿ. ಕೋಪ ಮಾಡಿಕೊಳ್ಳಬೇಡಿ, ಆಸ್ಪತ್ರೆಯಲ್ಲಿ ನಾನೂ ಮಾಡಿದ್ದೇನೆ. ಇಂಥ ಬಾಯಿಯವರಿಗೆ ನಂಬಿಕೆ ಇರುವುದು ನಾಲ್ಕೇ ನಾಲ್ಕು ಅಡುಗೆಯ ಮೇಲೆ. ಅದರಲ್ಲೂ ಏನೋ ಅಡಗಿದೆ ಅಂತ ಗೊತ್ತಾದರೆ ನಾಲ್ಕು ಹೋಗಿ ಮೂರಾಗುತ್ತದೆ. ಅವಳು ಎರಡು ದಿನ ಮುಟ್ಟದೇ ಇದ್ದಿದ್ದು ಬದನೆಕಾಯಿಗಲ್ಲ.

ನನಗೆ 1991ರಲ್ಲಿ ಮದುವೆಯಾಯಿತು, ಮಲ್ಲೇಶ್ವರದ ಮನೆಗೆ ಬಂದೆ. ನಮ್ಮತ್ತೆ ಕಟ್ಟುನಿಟ್ಟಿನ ಹೆಂಗಸು. ಮೊದಲೆರಡು ತಿಂಗಳು ಟೊಮೆಟೊ ಸಿಪ್ಪೆಯನ್ನು ಅನ್ನದ ಕೆಳಗೆ ಬಚ್ಚಿಟ್ಟು ಎದ್ದು ಹೋಗುತ್ತಿದ್ದೆ. ತಟ್ಟೆ ತೊಳೆಯುವ ಮುಂಚೆ ಅವರು ನೋಡುತ್ತಿದ್ದರೋ ಏನೋ, ಒಂದು ಮಾತೂ ಆಡಲಿಲ್ಲ. ಮೂರನೇ ತಿಂಗಳು ಸಾರಿನಲ್ಲಿ ಸಿಪ್ಪೆಯೇ ಇಲ್ಲ! ಅಡುಗೆಮನೆಗೆ ಹೋಗಿ ನೋಡಿದರೆ ಟೊಮೆಟೊಗಳನ್ನು ಕುದಿಯುವ ನೀರಿಗೆ ಹಾಕಿ ತೆಗೆದು, ಒಂದೊಂದರ ಸಿಪ್ಪೆಯನ್ನೂ ಉಗುರಿನಿಂದ ಸುಲಿಯುತ್ತಿದ್ದಾರೆ, ಬೆರಳ ತುದಿ ಕೆಂಪಾಗಿದೆ. ನನ್ನನ್ನು ನೋಡಿ, "ಹೀಗೆ ಮಾಡಿದ್ರೆ ಸಾರಿಗೆ ಬಣ್ಣ ಚೆನ್ನಾಗಿ ಬರುತ್ತೆ" ಅಂದರು. "ಹೌದಾ ಅತ್ತೆ" ಅಂದೆ. ಅವರಿರುವ ತನಕ ಆ ಬಣ್ಣದ ಮಾತನ್ನು ಇಬ್ಬರೂ ಹಾಗೇ ಕಾಪಾಡಿಕೊಂಡು ಬಂದೆವು. ಅವರು ಹೋದ ಮೇಲೆ ನಾನು ಸೋಮಾರಿ, ಜರಡಿ ಹಿಡಿದೆ.

ನೀವು ಅಷ್ಟೆಲ್ಲಾ ಮಾಡಬೇಕಿಲ್ಲ. ಬಸ್ಸಾರು ಮಾಡಿ. ಬೇಯಿಸಿದ ಕಾಳು ಸೊಪ್ಪನ್ನು ಬಸಿದು, ಕಟ್ಟು ಸಾರಿಗೆ, ಉಳಿದದ್ದು ಪಲ್ಯಕ್ಕೆ. ರಸ ಬೇರೆ, ಹೋಳು ಬೇರೆ ಅಂತ ನಮ್ಮ ಕಡೆಯವರು ಎಂದೋ ತೀರ್ಮಾನ ಮಾಡಿ ಇಟ್ಟಿದ್ದಾರೆ. ಮಗ ಪಲ್ಯ ತಿನ್ನಲಿ, ಸೊಸೆ ಸಾರು ಉಣ್ಣಲಿ. ಒಗ್ಗರಣೆಯನ್ನು ಎಲ್ಲರೂ ಬಡಿಸಿಕೊಂಡ ಮೇಲೆ ಚಿಕ್ಕ ಸೌಟಿನಲ್ಲಿ ತಂದು ಬೇಕಾದವರಿಗೆ ಹಾಕಿ. ಚುಂಯ್ ಅನ್ನುವ ಸದ್ದು ಪಂಕ್ತಿಯಲ್ಲೇ ಕೇಳಿಸಿದರೆ ನಿಮಗೂ ಹೊಗಳಿಕೆ ಜಾಸ್ತಿ.

*

ಪ್ರಶ್ನೆ: ಕೊತ್ತಂಬರಿ ಸೊಪ್ಪು ನನಗೆ ಸೋಪಿನ ಥರ ಅನ್ನಿಸುತ್ತದೆ. ಮನೆಯವರು ನಗುತ್ತಾರೆ. ನಿಜವಾಗಿ ಹೀಗೆ ಇರುತ್ತಾ?
(ಯಲಹಂಕ)

ಉತ್ತರ: ಇರುತ್ತದೆ. ಕೊತ್ತಂಬರಿ ಸೊಪ್ಪಿನ ಘಮಕ್ಕೆ ಕಾರಣವಾದ ಆಲ್ಡಿಹೈಡ್ ಅನ್ನುವ ರಾಸಾಯನಿಕಗಳ ಜಾತಿಯವೇ ಸೋಪಿನಲ್ಲೂ ಇರುತ್ತವೆ, ಕೆಲವು ತಿಗಣೆಗಳಲ್ಲೂ ಇರುತ್ತವೆ. ಅವನ್ನು ಹಿಡಿಯುವ ಮೂಗಿನ ಒಂದು ಜೀನಿಗೂ ಈ ಸೋಪಿನ ರುಚಿಗೂ ನಂಟಿದೆ ಅಂತ 2012ರಲ್ಲಿ ಗೊತ್ತಾಯಿತು. ಕಹಿಯ ವಿಷಯದಲ್ಲಿ ಇದು ಇನ್ನೂ ಹಳೇ ಕಥೆ. ಅಮೆರಿಕದ ಆರ್ಥರ್ ಫಾಕ್ಸ್ ಅನ್ನುವ ರಸಾಯನ ವಿಜ್ಞಾನಿ ಪ್ರಯೋಗಾಲಯದಲ್ಲಿ ಪಿಟಿಸಿ ಅನ್ನುವ ಪುಡಿ ಸುರಿಯುತ್ತಿದ್ದಾಗ ಅದು ಗಾಳಿಗೆ ಹಾರಿತು. ಪಕ್ಕದವನು "ಥೂ, ಕಹಿ" ಅಂದ. ಫಾಕ್ಸ್‌ಗೆ ಏನೂ ಇಲ್ಲ. ಇಬ್ಬರೂ ಜಗಳವಾಡಿ, ಆಮೇಲೆ ಕಂಡಕಂಡವರಿಗೆಲ್ಲಾ ಆ ಪುಡಿ ನೆಕ್ಕಿಸಿ ನೋಡಿದರು. ಕೆಲವರಿಗೆ ಕಹಿ, ಕೆಲವರಿಗೆ ಸಪ್ಪೆ. 1930ರ ದಶಕದ ಶುರುವಿನ ಮಾತು ಇದು. ಎಲೆಕೋಸಿನಲ್ಲೂ ಆ ಪುಡಿಯನ್ನು ಹೋಲುವ ಕಹಿ ಇದೆ. ಎಲೆಕೋಸಿನ ಪಲ್ಯ ಕಹಿ ಅನ್ನುವವರು ಸುಳ್ಳು ಹೇಳುತ್ತಿಲ್ಲ ಅನ್ನುವುದಕ್ಕೆ ಅಷ್ಟು ಹಳೇ ಸಾಕ್ಷಿ ಇದೆ.

ಸೊಪ್ಪನ್ನು ನುಣ್ಣಗೆ ರುಬ್ಬಿ ಸ್ವಲ್ಪ ಹೊತ್ತು ಬಿಟ್ಟರೆ ಕೆಲವರಿಗೆ ಸೋಪು ಕಡಿಮೆಯಾಗುತ್ತದೆ. ಆಗದಿದ್ದರೆ ಬಿಡಿ, ಕೊತ್ತಂಬರಿ ತಿನ್ನದೇ ಯಾರೂ ಸೊರಗಿಲ್ಲ.

*

ಪ್ರಶ್ನೆ: ನನಗೆ 24. ಬಿಟಿಎಂ ಲೇಔಟಿನಲ್ಲಿ ಪಿಜಿಯಲ್ಲಿದ್ದೇನೆ. ಎರಡು ವರ್ಷದ ಹಿಂದೆ ಚಪಾತಿ ಚೂರು ಗಂಟಲಲ್ಲಿ ಸಿಕ್ಕಿ ಉಸಿರು ನಿಂತ ಹಾಗಾಗಿತ್ತು. ಆವತ್ತಿಂದ ಗಟ್ಟಿ ಪದಾರ್ಥ ನುಂಗಲು ಭಯ. ಒಂದೊಂದೇ ಬಿಡುತ್ತಾ ಬಂದು ಈಗ ಹಾಲು, ನೆನೆಸಿದ ಬಿಸ್ಕತ್ತು, ಕಿವುಚಿದ ಮೊಸರನ್ನ, ಬಾಳೆಹಣ್ಣು ಮಾತ್ರ. 52 ಕಿಲೋ ಇದ್ದವಳು 43 ಆಗಿದ್ದೇನೆ. ಕೂದಲು ಉದುರುತ್ತಿದೆ, ಮುಟ್ಟು ಸರಿಯಾಗಿ ಆಗುತ್ತಿಲ್ಲ. ರೂಮಿನ ಹುಡುಗಿಯರು "ನಿನ್ ಡಯೆಟ್ ನಮಗೂ ಹೇಳು" ಅನ್ನುತ್ತಾರೆ. ಡಾಕ್ಟರ್ ಒಬ್ಬರಿಗೆ ತೋರಿಸಿದೆ. "ಚೆನ್ನಾಗಿ ತಿನ್ನಮ್ಮ" ಅಂತ ಟಾನಿಕ್ ಬರೆದುಕೊಟ್ಟರು.
(ಹೆಸರು ಹಾಕಬೇಡಿ)

ಉತ್ತರ: ನೋಡಮ್ಮಾ, ನೀನು ನನ್ನ ಮಗಳಿಗಿಂತ ಚಿಕ್ಕವಳು, ನೀನು ಅಂತಲೇ ಬರೆಯುತ್ತೇನೆ. ಮೇಲಿನ ಪತ್ರಗಳಿಗೆ ನಾನು ತಮಾಷೆ ಮಾಡುತ್ತಾ ಉತ್ತರ ಕೊಟ್ಟೆ. ನಿನ್ನ ಪತ್ರಕ್ಕೆ ಹಾಗೆ ಮಾಡುವುದಿಲ್ಲ. ಇದು ಕಾಯುವ ವಿಷಯ ಅಲ್ಲ. ಈ ವಾರವೇ ಡಾಕ್ಟರ ಹತ್ತಿರ ಹೋಗಬೇಕು, ಟಾನಿಕ್ ಕೊಟ್ಟವರಲ್ಲ, ಬೇರೆಯವರು.

ನಿನಗೆ ಆಗಿರುವುದಕ್ಕೆ ಹೆಸರಿರಬಹುದು. ಆರ್‌ಫಿಡ್ (ARFID) ಅನ್ನುತ್ತಾರೆ, ಆಹಾರವನ್ನು ದೂರವಿಡುವ, ತೀರ ಕಡಿಮೆ ಮಾಡಿಕೊಳ್ಳುವ ಕಾಯಿಲೆ. ತೆಳ್ಳಗಾಗುವ ಆಸೆಗೂ ಇದಕ್ಕೂ ಸಂಬಂಧ ಇಲ್ಲ. ಕೆಲವರಿಗೆ ಆಹಾರದ ಸ್ಪರ್ಶ, ವಾಸನೆ ತಡೆಯಲಾಗುವುದಿಲ್ಲ. ಕೆಲವರಿಗೆ ಹಸಿವೇ ಅಷ್ಟಾಗಿ ಗೊತ್ತಾಗುವುದಿಲ್ಲ. ಇನ್ನು ಕೆಲವರಿಗೆ ನಿನ್ನ ಹಾಗೆ ಸಿಕ್ಕಿಕೊಂಡೀತು, ವಾಂತಿಯಾದೀತು ಅನ್ನುವ ಭಯ. ಮೂರೂ ಕಲೆತಿರುವುದೂ ಉಂಟು. ಮೊದಲು ಆರು ವರ್ಷದೊಳಗೆ ಶುರುವಾದ ತೊಂದರೆಗೆ ಮಾತ್ರ ವೈದ್ಯರ ಪುಸ್ತಕದಲ್ಲಿ ಜಾಗ ಇತ್ತು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಈ ಹೆಸರು ಕೊಟ್ಟು ದೊಡ್ಡವರನ್ನೂ ಸೇರಿಸಿತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲೂ ಇದು ಇದೆ. ಹಾಗಾಗಿ ಕೆಲವು ಡಾಕ್ಟರುಗಳಿಗೂ ಇದು ಹೊಸದೇ. ಅವರು "ತಿನ್ನಮ್ಮ" ಅಂದರೆ ನಿನ್ನ ತಪ್ಪಲ್ಲ.

ಆಟೋಟದವರ ಹಾಗೆ ತೂಕ ಇಳಿಸಿಕೊಂಡಿದ್ದಲ್ಲ ಇದು. 9 ಕಿಲೋ ಹೋಗಿದೆ, ಮುಟ್ಟು ತಪ್ಪಿದೆ ಅಂತ ಮೊದಲ ಮಾತಿನಲ್ಲೇ ಹೇಳು. ಹಾಳೆಯ ಮೇಲೆ ಒಂದು ವಾರ ಏನೇನು ತಿಂದೆ, ಎಷ್ಟು ತಿಂದೆ ಅಂತ ಬರೆದುಕೊಂಡು ಹೋಗು. ನಾವು ಡಾಕ್ಟರ ಮುಂದೆ ಕೂತರೆ ಅರ್ಧ ಮರೆಯುತ್ತೇವೆ, ಅರ್ಧ ನಾಚಿಕೊಳ್ಳುತ್ತೇವೆ. ಗಂಟಲು, ಅನ್ನನಾಳದಲ್ಲಿ ನಿಜವಾಗಿ ಏನಾದರೂ ತೊಡಕು ಇದೆಯಾ ಅಂತ ಮೊದಲು ನೋಡಲಿ. ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ, ರಕ್ತದ ಲವಣಾಂಶ ಪರೀಕ್ಷೆ ಮಾಡಿಸಲಿ. ತಲೆಸುತ್ತಿ ಬೀಳುವುದು, ಎದೆ ಡವಗುಟ್ಟುವುದು, ಹಾಲೂ ನೀರೂ ಇಳಿಯದಿರುವುದು ಆದರೆ ಅಪಾಯಿಂಟ್‌ಮೆಂಟ್ ಅಂತ ಕಾಯಬೇಡ, ಸೀದಾ ಎಮರ್ಜೆನ್ಸಿಗೆ ಹೋಗು.

ಭಯದ ಭಾಗಕ್ಕೆ ಮನಶ್ಶಾಸ್ತ್ರಜ್ಞರು ಬೇಕು. ನೀನು ಇರುವ ಜಾಗದಿಂದ ಹೊಸೂರು ರಸ್ತೆಯ ನಿಮ್ಹಾನ್ಸ್ ದೂರವೇನಲ್ಲ. ಅಲ್ಲಿಗೆ ಹೋಗಲು ಹಿಂಜರಿಕೆ ಆದರೆ ಮೊದಲು 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್, ಸರ್ಕಾರದ್ದು, 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಚಿಕಿತ್ಸೆ ಅಂದರೆ ಯಾರೋ ಕೂರಿಸಿಕೊಂಡು ಚಪಾತಿ ತುರುಕುತ್ತಾರೆ ಅಂದುಕೊಳ್ಳಬೇಡ. ಮೆಟ್ಟಿಲು ಮೆಟ್ಟಿಲಾಗಿ, ನೆನೆಸಿದ ಬಿಸ್ಕತ್ತಿನಿಂದ ಅರ್ಧ ನೆನೆದ ಬಿಸ್ಕತ್ತಿಗೆ, ಅಲ್ಲಿಂದ ಇಡ್ಲಿಗೆ, ಹಾಗೆ ಹೋಗುತ್ತದೆ. ಅಲ್ಲಿಯವರೆಗೆ ಈಗ ತಿನ್ನುತ್ತಿರುವ ನಾಲ್ಕನ್ನು ಬಿಡಬೇಡ. ಹಾಲಿಗೆ ರಾಗಿ ಹುರಿಹಿಟ್ಟು ಬೆರೆಸಿ ಕುಡಿಯಲು ಆಗುತ್ತದಾ ನೋಡು. ಆಗದಿದ್ದರೆ ಬೇಡ.

ಆ ಹುಡುಗಿಯರಲ್ಲಿ ಒಬ್ಬಳಿಗಾದರೂ ನಿಜ ಹೇಳು. ಆಸ್ಪತ್ರೆಗೆ ಜೊತೆಗೆ ಬರಲು ಒಬ್ಬರು ಬೇಕು. ಹೋಗಿ ಬಂದ ಮೇಲೆ ನನಗೆ ಬರೆ. ಅಚ್ಚು ಹಾಕಿಸುವುದಿಲ್ಲ.

*

ಪ್ರಶ್ನೆ: ಗಂಡನ ಮನೆ ಮಂಡ್ಯ ಕಡೆ, ಈಗ ಕೆಂಗೇರಿಯಲ್ಲಿದ್ದೇವೆ. ಮುದ್ದೆ ಅಗಿಯಬಾರದು, ನುಂಗಬೇಕು ಅನ್ನುತ್ತಾರೆ. ಅಗಿಯದೆ ನುಂಗಲು ನನ್ನ ಗಂಟಲು ಒಪ್ಪುವುದಿಲ್ಲ. ಅಗಿದರೆ ಹಲ್ಲಿಗೆ ಅಂಟುತ್ತದೆ. "ರಾಗಿ ತಿನ್ನದವಳು" ಅಂತ ಹೆಸರು ಬಂದಿದೆ.

ಉತ್ತರ: ರಾಗಿಗೂ ನಿಮಗೂ ಜಗಳವಿಲ್ಲ. ಜಗಳ ಮುದ್ದೆಗೆ ಮಾತ್ರ. ರಾಗಿ ರೊಟ್ಟಿಯನ್ನು ತೆಳ್ಳಗೆ ತಟ್ಟಿ ಗರಿಯಾಗಿ ಬೇಯಿಸಿಕೊಳ್ಳಿ, ರಾಗಿ ದೋಸೆ ಹುಯ್ದುಕೊಳ್ಳಿ, ಅಂಬಲಿ ಕುಡಿಯಿರಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಸುಣ್ಣದಂಶ ಇದೆ. ಅದು ಉಂಡೆ ಕಟ್ಟಿದರೆ ಹೆಚ್ಚಾಗುವುದಿಲ್ಲ, ತಟ್ಟಿದರೆ ಕಡಿಮೆಯಾಗುವುದಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಅದೇ ಸೊಪ್ಪಿನ ಸಾರಿಗೆ ರೊಟ್ಟಿ ಅದ್ದಿ ಎಲ್ಲರ ಮುಂದೆ ಎರಡು ತಿನ್ನಿ.

ತಮಾಷೆ ಏನು ಗೊತ್ತಾ? ಇದೇ ರಾಶಿಯಲ್ಲಿ ಇನ್ನೊಬ್ಬರ ಪತ್ರ ಇದೆ. ಅವರಿಗೆ ಬೇರೆ ಯಾವ ಊಟವೂ ಇಳಿಯುವುದಿಲ್ಲವಂತೆ, ಮುದ್ದೆ ಮಾತ್ರ ಸಲೀಸು. ಅಗಿಯುವ ತೊಂದರೆಯೇ ಇಲ್ಲವಲ್ಲ, ಅದಕ್ಕೆ!

*

ಪ್ರಶ್ನೆ: ಮೇಡಂ, ಆ ಜರಡಿ ಎಲ್ಲಿ ಸಿಗುತ್ತೆ?
(ಇದನ್ನೇ ಕೇಳಿದವರು 11 ಜನ)

ಉತ್ತರ: ಚಿಕ್ಕಪೇಟೆಯ ಪಾತ್ರೆ ಅಂಗಡಿಗಳಲ್ಲಿ ಸಿಗುತ್ತದೆ. ಟೀ ಸೋಸುವುದು ತರಬೇಡಿ, ಅದರಲ್ಲಿ ಬೇಳೆಯೂ ನಿಂತುಬಿಡುತ್ತದೆ, ಸಾರು ನೀರಾಗುತ್ತದೆ. ತೀರ ದೊಡ್ಡ ಕಣ್ಣಿನದರಲ್ಲಿ ಸಿಪ್ಪೆಯೂ ಇಳಿಯುತ್ತದೆ. ರವೆ ಜರಡಿಯಷ್ಟು ಕಣ್ಣು, ಅಂಗೈ ಅಗಲ, ಸ್ಟೀಲು, ಹಿಡಿ ಇರುವುದು. ಸಾರು ಸುರಿದು ಸೌಟಿನ ಬೆನ್ನಿನಿಂದ ಒತ್ತಿ. ಸೋಸಿದ ಮೇಲೆ ಒಗ್ಗರಣೆ ಕೊಡಿ, ಮುಂಚೆ ಕೊಟ್ಟರೆ ಇಂಗು ಸಾಸಿವೆಯೆಲ್ಲಾ ಜರಡಿಯ ಪಾಲು. ತಕ್ಷಣ ತೊಳೆದಿಡಿ. ಸಿಪ್ಪೆ ಒಣಗಿ ಕಣ್ಣಿಗೆ ಅಂಟಿಕೊಂಡರೆ ಸೂಜಿ ಹಿಡಿದು ಬಿಡಿಸಬೇಕಾಗುತ್ತದೆ, ಆ ಕೆಲಸ ನನಗಂತೂ ಆಗದು.